ಯಾರ ಕಾಲ್ಗುಣ

ಫೆಬ್ರವರಿ 24, ಸೋಮವಾರ

ಬಾಯಿ ಬಿಟ್ಟರೆ ಜಗಳ ಆಗುತ್ತೆ, ಅದಕ್ಕೇ ಬರೀತಿದ್ದೀನಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಜೋರಾಗಿ ಮಾತಾಡಬಾರದು ಅಂತ ಬೋರ್ಡು ಬೇರೆ ಹಾಕಿದ್ದಾರೆ. ನಮ್ಮ ಕಡೆಯವರು ಯಾರೂ ಅದನ್ನ ಓದಿದ ಹಾಗಿಲ್ಲ.

ಹೋದ ಬುಧವಾರ ಅಪ್ಪನಿಗೆ ಸ್ಟ್ರೋಕ್ ಆಯ್ತು. ಸಂಪಿನ ಪಕ್ಕದ ಗಿಡಗಳಿಗೆ ನೀರು ಬಿಡ್ತಾ ನಿಂತಿದ್ದವರು ಹಾಗೇ ಕುಸಿದರಂತೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಹೋಗಿದೆ. ಇವತ್ತು ಐಸಿಯುನಿಂದ ವಾರ್ಡಿಗೆ ತಂದರು, ಜೀವಕ್ಕೆ ಭಯ ಇಲ್ಲ ಅಂದರು. ಯಾಕಾಯ್ತು ಡಾಕ್ಟ್ರೇ ಅಂತ ಕೇಳಿದೆ. ಬಿಪಿ, ಶುಗರ್ರು, ಬೀಡಿ, ವಯಸ್ಸು, ಎಲ್ಲಾ ಸೇರಿ ಆಗಿರುತ್ತೆ ಅಂದರು. ಪಾಪ, ಅಷ್ಟೊಂದು ವರ್ಷ ಓದಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಉತ್ತರ. ನಮ್ಮ ನೀಲತ್ತೆ ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಒಂದೇ ಪದದಲ್ಲಿ ಮುಗಿಸಿದರು. ಕಾಲ್ಗುಣ.

ನೀಲತ್ತೆ ಅಂದರೆ ನೀಲಗಂಗಮ್ಮ, ಅಪ್ಪನ ಅಕ್ಕ, ಸಾರಕ್ಕಿ ಮಾರ್ಕೆಟ್ಟಿನ ಹಿಂದೆ ಇರ್ತಾರೆ. ಕಾಲ್ಗುಣ ಯಾರದು ಅಂದರೆ ನಮ್ಮ ಮನೆಗೆ ಹೊಸದಾಗಿ ಬಂದಿರೋ ಹುಡುಗಿಯದು. ಶೈಲಶ್ರೀ ಅಂತ, ಕೊಪ್ಪಳದ ಕಡೆಯವಳು. ನಮ್ಮ ಜೆಪಿ ನಗರದ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದಳು, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಆಫೀಸಿನಲ್ಲಿ ಕೆಲಸ. ಈ ತಿಂಗಳ ಶುರುವಿನಲ್ಲಿ ನನ್ನ ತಮ್ಮ ರೇವಂತ್ ಅವಳನ್ನ ಮದುವೆಯಾದ. ಬಾಡಿಗೆ ತಪ್ಪಿಸಿಕೊಳ್ಳೋಕೆ ಜನ ಏನೇನು ಮಾಡ್ತಾರೋ.

ಮದುವೆಯಾಯ್ತು, ಆಮೇಲೆ ಅಪ್ಪ ಬಿದ್ದರು, ಆದ್ದರಿಂದ ಮದುವೆಯಿಂದಲೇ ಅಪ್ಪ ಬಿದ್ದರು. ಇದು ನೀಲತ್ತೆಯ ವಾದ. ನಾನು ಜಯನಗರದ ಒಂದು ಕೋಚಿಂಗ್ ಕಂಪನಿಯಲ್ಲಿ ಎಂಬಿಎ ಪ್ರವೇಶ ಪರೀಕ್ಷೆಗೆ ಪ್ರಶ್ನೆ ಬರೆಯೋಳು. ಇಂಥ ವಾದಗಳನ್ನ ಬರೆದೇ ನನ್ನ ಹೊಟ್ಟೆ ತುಂಬೋದು. ಒಬ್ಬ ಒಂದು ಕಾರಣ ಹೇಳ್ತಾನೆ, ಇನ್ನೊಬ್ಬ ಅದನ್ನ ಪ್ರಶ್ನಿಸ್ತಾನೆ. ಹೇಗೆ ಪ್ರಶ್ನಿಸಿದ? ಬೇರೆ ಕಾರಣ ತೋರಿಸಿದನಾ, ಕಾಕತಾಳೀಯ ಅಂದನಾ, ಕಾರಣ ಪರಿಣಾಮ ತಿರುವುಮುರುವಾಗಿದೆ ಅಂದನಾ, ಪುರಾವೆ ಸಾಲದು ಅಂದನಾ? ನಾಲ್ಕರಲ್ಲಿ ಒಂದನ್ನ ಆರಿಸಿ. ನೀಲತ್ತೆಗೆ ನಾಲ್ಕನ್ನೂ ಒಟ್ಟಿಗೆ ಕೊಡಬಹುದಿತ್ತು. ಅಮ್ಮ ಕಣ್ಣಲ್ಲೇ ಬೇಡ ಅಂದಳು.

ಅಪ್ಪನ್ನ ಆಟೋದಲ್ಲಿ ಹಾಕ್ಕೊಂಡು ಬಂದಿದ್ದು ಆ ಹುಡುಗಿಯೇ. ಅವತ್ತು ಅವಳಿಗೆ ರಜೆ. ರೇವಂತ್ ಆಫೀಸಿಗೆ, ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು. ನಾನು ಹೊರಡೋವಾಗ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ಅದಿರಲಿ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ನೋಡೋಕೆ ಬರೋರೆಲ್ಲ ಒಂದು ಎಳನೀರು, ಒಂದು ಕಾರಣ ಹಿಡಿದುಕೊಂಡು ಬರ್ತಾರೆ. ಎಳನೀರನ್ನ ಅಪ್ಪ ಕುಡಿಯೋ ಹಾಗಿಲ್ಲ, ಗಂಟಲಿಗೆ ನಳಿಕೆ ಇದೆ. ಕಾರಣಗಳನ್ನ ನಾವು ಕುಡೀತಿದ್ದೀವಿ.

ಎದುರುಮನೆ ಚಿನ್ನಪ್ಪ ಅಂಕಲ್ ಪ್ರಕಾರ ನಮ್ಮ ಮನೆ ಬಾಗಿಲು ದಕ್ಷಿಣಕ್ಕಿರೋದೇ ತಪ್ಪು. ಅದು ನಾನು ಹೈಸ್ಕೂಲಿನಲ್ಲಿದ್ದಾಗಿಂದ ದಕ್ಷಿಣಕ್ಕೇ ಇದೆ. ಇಷ್ಟು ವರ್ಷ ಬಾಗಿಲು ಏನು ಮಾಡ್ತಿತ್ತು ಅಂತ ಕೇಳಿದೆ. ಕಾಯ್ತಿತ್ತಮ್ಮ ಅಂದರು. ಅಮ್ಮನ ಪ್ರಕಾರ ದೃಷ್ಟಿ. ಮದುವೆ ದಿನ ಬೂದುಗುಂಬಳಕಾಯಿ ಒಡೆಯೋದು ಮರೆತರಂತೆ. ರೇವಂತ್ ಪ್ರಕಾರ ಟೆನ್ಶನ್. ಯಾವ ಟೆನ್ಶನ್ನೋ ಅಂದರೆ ಮುಖ ಆ ಕಡೆ ತಿರುಗಿಸಿದ.

ನಾನು ಯಾವುದನ್ನೂ ಒಪ್ಪಲ್ಲ. ಆದರೆ ಒಂದನ್ನ ಗಮನಿಸಿದ್ದೀನಿ. ಆ ಹುಡುಗಿ ಸೊಸೆಯಾಗಿ ಬಂದ ಮೇಲೆ ಮನೆಯಲ್ಲಿ ನೆಮ್ಮದಿ ಅನ್ನೋದಿಲ್ಲ. ಬೆಳಗಾದರೆ ನನ್ನ ತಲೆ ಮೇಲೆ, ಅವರಿಬ್ಬರ ಮೂರನೇ ಮಹಡಿಯಿಂದ, ರೊಟ್ಟಿ ತಟ್ಟೋ ಸದ್ದು, ಯಾರೋ ಬಾಗಿಲು ಬಡಿದ ಹಾಗೆ. ಬಟ್ಟೆ ಒಣಹಾಕೋ ತಂತಿಯಲ್ಲಿ ಜಾಗ ಇಲ್ಲ. ನಾನು ಗಂಡನ ಮನೆ ಬಿಟ್ಟು ವಾಪಸ್ ಬಂದಾಗಿಂದ ಎರಡನೇ ಮಹಡಿ ನನ್ನದಾಗಿತ್ತು. ಹೊಸ ಜೋಡಿಗೆ ಬಿಟ್ಟುಕೊಟ್ಟು ಕೆಳಗಿನ ರೂಮಿಗೆ ಬಾ ಅಂತ ಅಪ್ಪ ಅಂದಿದ್ದೂ ಅವಳು ಬಂದ ಮೇಲೇ. ಇದು ಕಾಲ್ಗುಣ ಅಲ್ಲ. ಇದು ಬರೀ ನೋಡಿದ್ದು, ಕಂಡಿದ್ದು.

ಇವತ್ತು ಉಪವಾಸ ಅಂತ ಅವಳು ನನಗೆ ಡಬ್ಬಿಯಲ್ಲಿ ಹಣ್ಣು ಹೆಚ್ಚಿ ತಂದಿದ್ದಳು. ನಾನು ಉಪವಾಸ ಇರಲಿಲ್ಲ. ಆದರೂ ತಿಂದೆ.

ಮಾರ್ಚ್ 5, ಬುಧವಾರ

ಅಪ್ಪ ಮನೆಗೆ ಬಂದರು. ಒಂದೊಂದು ಪದ ಬರ್ತಿದೆ, ಆದರೆ ಯಾವುದೋ ಪದ ಇನ್ಯಾವುದಕ್ಕೋ. ನೀರು ಬೇಕಾದರೆ ಬಸ್ಸು ಅಂತಾರೆ. ಬಿಎಂಟಿಸಿಯನ್ನ ಕಾದ ಹಾಗೇ ನೀರಿಗೆ ಕಾಯ್ತಾರೆ.

ನನ್ನನ್ನ ನೋಡಿ "ಗೇಟು" ಅಂದರು. ಮತ್ತೆ ಮತ್ತೆ. ಗೇಟು, ಗೇಟು.

ಇದಕ್ಕೆಲ್ಲ ಅರ್ಥ ಹುಡುಕಬಾರದು, ಪದಗಳು ಬೆರಕೆಯಾಗಿರ್ತವೆ ಅಂತ ಡಾಕ್ಟರು ಹೇಳಿದ್ದಾರೆ.

ಮಾರ್ಚ್ 9, ಭಾನುವಾರ

ಇವತ್ತು ಹಬ್ಬ. ಕ್ಯಾಲೆಂಡರಿನಲ್ಲಿ ಇಲ್ಲ, ನನಗೆ ಮಾತ್ರ.

ಅಮ್ಮ ಅಪ್ಪನ ಬೀರು ಒರೆಸ್ತಿದ್ದಳು. ಮೇಲಿನ ಶೆಲ್ಫಿನಲ್ಲಿ ಬಿಪಿ ಮಾತ್ರೆಯ ಪಟ್ಟಿಗಳು ರಾಶಿ ಇದ್ದವು, ಒಂದೂ ಒಡೆದಿಲ್ಲ. ಇದೇನಮ್ಮ ಅಂದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಏನಾದರೂ ಮುಚ್ಚಿಡೋವಾಗ ಅವಳ ಕೈ ಯಾವಾಗಲೂ ಒದ್ದೆಯಾಗಿರುತ್ತೆ.

"ಸಂಕ್ರಾಂತಿಯಿಂದ ಬಿಟ್ಟಿದ್ರು ಕಣೆ. ಮಾತ್ರೆ ತಿಂದ್ರೆ ತಲೆ ತಿರುಗತ್ತೆ ಅಂತಿದ್ರು. ನಿಮ್ಮತ್ತೆ ಯಾವುದೋ ಕಷಾಯ ಕಾಯಿಸಿ ಕಳಿಸೋರು, ಅದು ಸಾಕು ಅಂತ ಅದನ್ನೇ ಕುಡೀತಿದ್ರು."

"ಯಾವತ್ತೆ?"

"ನಿನಗೆಷ್ಟು ಜನ ಅತ್ತೇರಿದ್ದಾರೆ?"

ನೀಲತ್ತೆ. ಕಾಲ್ಗುಣದ ತೀರ್ಪು ಕೊಟ್ಟ ನ್ಯಾಯಾಧೀಶರ ಮನೆಯಿಂದಲೇ ಬಾಟಲಿಯಲ್ಲಿ ತುಂಬಿ ಬರ್ತಿತ್ತು ಕಾರಣ. ಅಪ್ಪ ಮಾತ್ರೆ ಬಿಟ್ಟಿದ್ದು ಜನವರಿಯಲ್ಲಿ, ಮದುವೆ ಆಗಿದ್ದು ಫೆಬ್ರವರಿಯಲ್ಲಿ. ನಾನು ಬರೆಯೋ ಪ್ರಶ್ನೆಗಳಲ್ಲಿ ಕೂಡ ಬೇರೆ ಕಾರಣ ಅನ್ನೋದು ಇಷ್ಟು ಚೊಕ್ಕವಾಗಿ ಸಿಗಲ್ಲ. ನಾನೇ ಬರೆದಿದ್ದರೆ ಬಾಸ್ ಪ್ರಮೋದ್, ಇದು ತುಂಬಾ ಸುಲಭ ಆಯ್ತು ಅಂತ ವಾಪಸ್ ಕಳಿಸ್ತಿದ್ದ.

ಮುಂದಿನ ವಾರ ಚೆಕಪ್ಪಿಗೆ ಹೋದಾಗ ಡಾಕ್ಟರಿಗೆ ಹೇಳಬೇಕು. ನೀಲತ್ತೆಗೆ ಮಾತ್ರ ಈಗಲೇ ಹೇಳಲ್ಲ. ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ನೆಂಟರೆಲ್ಲ ಊಟಕ್ಕೆ ಬರ್ತಾರೆ. ಇಂಥದ್ದನ್ನ ಎಲೆ ಮುಂದೆಯೇ ಬಡಿಸಬೇಕು.

ಯಾಕೋ ಇವತ್ತು ಚೆನ್ನಾಗಿ ನಿದ್ದೆ ಬರುತ್ತೆ ಅನ್ಸುತ್ತೆ. ಸ್ಟ್ರೋಕ್ ಆದಾಗಿಂದ ಬಂದಿರಲಿಲ್ಲ.

ಮಾರ್ಚ್ 19, ಬುಧವಾರ

ಡಾಕ್ಟರು ಮಾತ್ರೆ ಬಿಟ್ಟಿದ್ದಕ್ಕೆ ಬೈದರು, ಇನ್ನು ಮುಂದೆ ಒಂದು ದಿನವೂ ತಪ್ಪಿಸಬೇಡಿ ಅಂದರು. ಹಾಗಾದರೆ ಅದೇ ಕಾರಣ ತಾನೇ ಅಂದೆ. ಅದು ಖಂಡಿತ ಕೆಟ್ಟದು ಮಾಡಿದೆ, ಆದರೆ ಅದೊಂದೇ ಅಂತ ನಾನು ಹೇಳಲ್ಲ, ನಲವತ್ತು ವರ್ಷದ ಬೀಡಿಯೂ ಇದೆಯಲ್ಲ ಅಂದರು. ಈ ಡಾಕ್ಟರನ್ನ ಯಾವ ಸಾಕ್ಷಿಕಟ್ಟೆಗೂ ಹತ್ತಿಸೋ ಹಾಗಿಲ್ಲ.

ಮಾತು ಕಲಿಸೋಕೆ ಅರ್ಪಿತ ಅನ್ನೋ ಥೆರಪಿಸ್ಟ್ ಮನೆಗೇ ಬರ್ತಾಳೆ. ಚಿತ್ರ ತೋರಿಸಿ ಇದೇನು ತಾತ ಅಂತ ಕೇಳ್ತಾಳೆ. ಅಪ್ಪ ಕೊಡೆ ನೋಡಿ ಮೇಷ್ಟ್ರು ಅಂತಾರೆ. ನನ್ನ ಹತ್ತಿರ ಕೂತರೆ ಅದೂ ಇಲ್ಲ, ಮುಖ ನೋಡ್ತಾ ಸುಮ್ಮನಿರ್ತಾರೆ. ಶೈಲಶ್ರೀ ಮಾತ್ರ ಸಂಜೆ ಕೆಲಸದಿಂದ ಬಂದು ಪಕ್ಕದಲ್ಲಿ ಕೂತು "ಏನ್ರೀ ಮಾವಾರ, ಇವತ್ತ ಹೆಂಗೈತಿ" ಅಂತ ಶುರು ಮಾಡ್ತಾಳೆ. ಬಸ್ಸಿನಲ್ಲಿ ಕಂಡಿದ್ದು, ಆಫೀಸಿನಲ್ಲಿ ಯಾರು ಯಾರಿಗೆ ಬೈದರು, ಎಲ್ಲಾ ಹೇಳ್ತಾಳೆ. ಅಪ್ಪ ಮಧ್ಯ ಮಧ್ಯ ಹೂಂಗುಡ್ತಾರೆ. ಅವಳು ಪ್ರಶ್ನೆ ಕೇಳಲ್ಲ, ಅದಕ್ಕೇ ಸುಲಭ. ಪ್ರಶ್ನೆ ಕೇಳದೆ ಇದ್ದರೆ ಯಾರಾದರೂ ಮಾತಾಡ್ತಾರೆ.

ನೀಲತ್ತೆ ಅಮ್ಮನಿಗೆ ಫೋನ್ ಮಾಡಿ, ಯಾರೋ ಶಾಸ್ತ್ರದವರನ್ನ ಕೇಳಿದೆ, ರೇವಂತ್ ಹೆಂಡತಿ ಕರ್ಕೊಂಡು ಬೇರೆ ಮನೆ ಮಾಡಿದರೆ ನನ್ನ ತಮ್ಮ ರಾಮಯ್ಯ ಎದ್ದು ಓಡಾಡ್ತಾನೆ ಅಂದರಂತೆ. ರೇವಂತ್ ಆಗಲೇ ಬಿಟಿಎಂನಲ್ಲಿ ಮನೆ ನೋಡ್ತಿದ್ದಾನೆ. ಯಾಕೋ ಅಂದರೆ "ಅಪ್ಪ ಹುಷಾರಾದ್ರೆ ಸಾಕು ಕಣಕ್ಕ, ಯಾಕೆ ರಿಸ್ಕು" ಅಂದ. ಇಂಜಿನಿಯರಿಂಗ್ ಓದಿದ್ದಾನೆ. ಶೈಲಶ್ರೀಗೆ ಇನ್ನೂ ಹೇಳಿಲ್ಲ. ಎರಡನೇ ಮಹಡಿ ನನಗೇ ಉಳಿಯುತ್ತೆ. ಖುಷಿಯಾಗಬೇಕಿತ್ತು.

ಮಾರ್ಚ್ 31, ಸೋಮವಾರ, ಹೊಸತೊಡಕು

ನಡೆದಿದ್ದನ್ನ ನಡೆದ ಹಾಗೇ ಬರೀತೀನಿ.

ನಮ್ಮಲ್ಲಿ ಯುಗಾದಿಯ ಮಾರನೇ ದಿನ ಮಟನ್ ಆಗಲೇಬೇಕು. ಯಮಧರ್ಮ ಬಾಗಿಲಲ್ಲಿ ನಿಂತಿದ್ದರೂ ಒಂದು ಎಲೆ ಜಾಸ್ತಿ ಹಾಕ್ತೀವಿ. ನೆಂಟರು ಬಂದಿದ್ದರು. ಅಪ್ಪನ್ನ ದಿಂಬಿಗೆ ಒರಗಿಸಿ ರೂಮಿನಲ್ಲಿ ಕೂರಿಸಿದ್ದೆವು. ಮಟನ್ ಮುಟ್ಟದ ಶೈಲಶ್ರೀ ಮಹಡಿ ಮೇಲೆ ರೊಟ್ಟಿ ಮಾಡ್ತಿದ್ದಳು. ನೀಲತ್ತೆ ಎಲೆ ಮುಂದೆ ಕೂತು, ಎಲ್ಲರಿಗೂ ಕೇಳೋ ಹಾಗೆ ಶುರು ಮಾಡಿದರು.

"ಮದುವೆಯಾಗಿ ಹದಿನೈದು ದಿನ ತುಂಬಿತ್ತೋ ಇಲ್ವೋ, ನನ್ನ ತಮ್ಮ ಹಾಸಿಗೆ ಹಿಡಿದ. ಅವಳು ಕಾಲಿಟ್ಟ ಗಳಿಗೆ ಸರಿಯಿಲ್ಲ. ನಾನು ಕೆಟ್ಟೋಳಾದ್ರೂ ಪರವಾಗಿಲ್ಲ, ಹೇಳ್ತೀನಿ. ಬೇರೆ ಮನೆ ಮಾಡ್ಕೊಂಡು ಹೋಗ್ಲಿ."

ಅಷ್ಟರಲ್ಲಿ ಶೈಲಶ್ರೀ ಅಪ್ಪನಿಗೆ ಮೆತ್ತಗಿನ ರೊಟ್ಟಿ, ಬೇಳೆ ತಗೊಂಡು ಬಾಗಿಲಲ್ಲಿ ನಿಂತಿದ್ದಳು. ರೇವಂತ್ ಮೂಳೆಯಲ್ಲಿ ಏನೋ ಹುಡುಕ್ತಿದ್ದ. ಅವನ ಬೆನ್ನುಮೂಳೆ ಇರಬೇಕು.

ಅವಳು ತಟ್ಟೆ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ದೊಡ್ಡತ್ತಿ, ಕಾಲ್ಗುಣ ಸುಳ್ಳು ಅಂತ ನಾ ಅನ್ನಂಗಿಲ್ಲ. ನಮ್ಮೂರಾಗೂ ಅಂತಾರ. ಆದ್ರ ನಾ ಈ ಮನಿಗೆ ಬಂದು ಎರಡು ವರ್ಷ ಆತು. ಬಾಡಿಗಿಗೆ ಇದ್ದಾಗ ಇವೇ ಕಾಲಿಲೆ ದಿನಾ ಹತ್ತಿ ಇಳೀತಿದ್ದೆ. ಆವಾಗ ಯಾರಿಗೂ ಏನೂ ಆಗಲಿಲ್ಲ."

"ಬಾಡಿಗೆಗೆ ಬರೋದು ಬೇರೆ, ಸೊಸೆಯಾಗಿ ಬರೋದು ಬೇರೆ," ಅಂದರು ನೀಲತ್ತೆ.

"ಆತ್ರಿ, ಹಂಗ ಅನ್ನೂಣು. ಮಾವಾರು ಬಿದ್ದಾಗ ಮನ್ಯಾಗ ನಾನೊಬ್ಬಾಕೀನ ಇದ್ದೆ. ಇವೇ ಕಾಲಿಲೆ ರಸ್ತಾಕ್ಕ ಓಡಿ ಆಟೋ ಹಿಡಿದೆ. ತಡಾ ಆಗಿದ್ರ ಉಳೀತಿದ್ದಿಲ್ಲ ಅಂತ ಡಾಕ್ಟರ ಹೇಳ್ಯಾರ. ಬಿದ್ದದ್ದು ನನ್ನ ಕಾಲ್ಗುಣ ಅಂದ್ರ, ಉಳದದ್ದು ಯಾರ ಕಾಲ್ಗುಣರಿ? ಹೋಗು ಅಂದ್ರ ಹೋಗತೀನಿ. ಅರ್ಧಾ ಮಾತು ಹೇಳಿ ಕಳಸಬ್ಯಾಡ್ರಿ."

ಇಷ್ಟು ವರ್ಷದ ಅನುಭವದಿಂದ ಹೇಳ್ತೀನಿ, ಇದು ನಮ್ಮ ನಾಲ್ಕು ಆಯ್ಕೆಗಳಲ್ಲಿ ಇಲ್ಲ. ಎದುರಿನವರ ನಂಬಿಕೆಯನ್ನ ಮುರಿಯೋಕೆ ಹೋಗಲೇ ಇಲ್ಲ ಅವಳು. ಒಪ್ಪಿಕೊಂಡಳು, ಅದನ್ನೇ ಹಿಡಿದು ಇನ್ನೂ ಒಂದು ಹೆಜ್ಜೆ ಮುಂದೆ ನಡೆದಳು, ಅವರಿಗೆ ಬೇಡವಾದ ಜಾಗಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದಳು. ನಾನಾಗಿದ್ದರೆ ಮೂಢನಂಬಿಕೆ ಅಂತ ಶುರು ಮಾಡಿ, ಮುದ್ದೆ ಆರೋವರೆಗೂ ಭಾಷಣ ಮಾಡಿ ಸೋಲ್ತಿದ್ದೆ.

ನೀಲತ್ತೆ ಮುದ್ದೆ ಮುರಿದು ಗುಳಿ ಮಾಡಿದರು. ಆಮೇಲೆ "ಸೊಣ್ಣೀ, ಸಾರು ಹಾಕು" ಅಂದರು ಅಮ್ಮನಿಗೆ. ಅಂದರೆ ಸೋತೆ ಅಂತ. ಅಲ್ಲಿಗೆ ಮುಗೀಬೇಕಿತ್ತು.

ನಾನು ಮೂರು ವಾರದಿಂದ ಕಾದಿದ್ದೆನಲ್ಲ.

"ಅತ್ತೆ, ಕಾಲಿನ ವಿಷಯ ಆಯ್ತು. ಈಗ ಕಷಾಯದ ವಿಷಯ ಮಾತಾಡೋಣ" ಅಂದೆ. ಎಲ್ಲಾ ಹೇಳಿದೆ. ಸಂಕ್ರಾಂತಿ, ಬಾಟಲಿ, ಒಡೆಯದ ಮಾತ್ರೆ. ಡಾಕ್ಟರು ಬೈದಿದ್ದನ್ನ ಹೇಳಿದೆ. ಅದೊಂದೇ ಅಂತ ಹೇಳಲ್ಲ ಅಂದಿದ್ದನ್ನ ಹೇಳಲಿಲ್ಲ, ಅದು ವಾದಕ್ಕೆ ಬೇಕಿರಲಿಲ್ಲ.

ನೀಲತ್ತೆಯ ಕೈ ಮುದ್ದೆ ಮೇಲೇ ನಿಂತುಹೋಯ್ತು. ಅವರು ನನ್ನನ್ನ ನೋಡಲಿಲ್ಲ. ಅಮ್ಮನ್ನ ಕೇಳಿದರು, "ಹೌದೇನೇ ಸೊಣ್ಣಿ? ಮಾತ್ರೆ ಬಿಟ್ಟಿದ್ನಾ? ನಾನು ಮಾತ್ರೆ ಜೊತೆಗೆ ಕುಡೀಲಿ ಅಂತ ತಾನೇ ಕಳಿಸ್ತಿದ್ದೆ." ಅಮ್ಮ ತಲೆ ಬಗ್ಗಿಸಿದಳು. ಅತ್ತೆ ಎದ್ದು ಕೈ ತೊಳೆದು, ಯಾರಿಗೂ ಹೇಳದೆ ಹೊರಟುಹೋದರು.

ಗೆದ್ದೆ. ಎಲ್ಲರೂ ನೋಡಿದ್ದಾರೆ. ಮಟನ್ ಮಾತ್ರ ರುಚಿ ಇರಲಿಲ್ಲ, ಅಮ್ಮ ಉಪ್ಪು ಮರೆತಿರಬೇಕು.

ಏಪ್ರಿಲ್ 2, ಬುಧವಾರ

ಟೆರೇಸಿನಲ್ಲಿ ಬಟ್ಟೆ ತೆಗೀತಿದ್ದೆ. ಶೈಲಶ್ರೀ ಬಂದಳು. ನನ್ನ ಬಟ್ಟೆಗಳನ್ನೂ ಮಡಚಿದಳು. ಥ್ಯಾಂಕ್ಸ್ ಹೇಳೋಕೆ ಬಂದಿದ್ದಾಳೆ ಅಂದುಕೊಂಡೆ.

"ಅಕ್ಕಾರ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಸೋಮಾರ ಊಟದಾಗ ದೊಡ್ಡತ್ತಿಗೆ ನೀವು ಹಂಗ ಅನಬಾರದಿತ್ತು."

"ನಾನು ನಿನ್ನ ಪರವಾಗಿ ಮಾತಾಡಿದ್ದು."

"ನನ್ನ ಪರ ನಾ ಆಗಲೇ ಮಾತಾಡಿದ್ನೆಲ್ರಿ."

ಸೀರೆಯ ತುದಿ ಹಿಡಿದುಕೊಂಡು ನಿಂತೆ, ಅವಳು ಇನ್ನೊಂದು ತುದಿ ಹಿಡಿದಿದ್ದಳು.

"ಅವರಿಗೆ ಯಾರರ ಒಬ್ಬರು ಬೇಕಾಗಿದ್ರು, ನನ್ನ ಹಿಡಕೊಂಡ್ರು. ನಿಮಗೂ ಒಬ್ಬರು ಬೇಕಾಗಿದ್ರು, ಅವರನ್ನ ಹಿಡಕೊಂಡ್ರಿ. ಅವರು ಕಾಲು ಅಂದ್ರು, ನೀವು ಕಷಾಯ ಅಂದ್ರಿ. ನಿಮಗ್ಯಾಕ ಬೇಕಾಗಿತ್ತು ಅಂತ ನನಗ ಗೊತ್ತಿಲ್ಲ."

ಕೊಪ್ಪಳದ ಜನಕ್ಕೆ ಸುತ್ತಿಬಳಸಿ ಮಾತಾಡೋದು ಯಾರೂ ಕಲಿಸಿಲ್ಲ.

ಕೆಳಗೆ ಬಂದು ಅಮ್ಮನ ಹತ್ತಿರ ದೂರು ಹೇಳಿದೆ. ಅಮ್ಮ ಸೊಪ್ಪು ಸೋಸ್ತಾ, ತಲೆ ಎತ್ತದೆ, ನನಗೆ ಇಷ್ಟು ವರ್ಷ ಗೊತ್ತಿಲ್ಲದ ಒಂದು ವಿಷಯ ಹೇಳಿದಳು. ನೀಲತ್ತೆ ಚಿಕ್ಕವಯಸ್ಸಿಗೇ ಗಂಡನ್ನ ಕಳಕೊಂಡಿದ್ದು ಗೊತ್ತಿತ್ತು. ಬಿಳೇಕಹಳ್ಳಿಗೆ ಕೊಟ್ಟಿದ್ದರಂತೆ. ಮದುವೆಯಾದ ವರ್ಷವೇ ಗಂಡ ಬಾವಿ ತೋಡಿಸೋವಾಗ ಮಣ್ಣು ಕುಸಿದು ಹೋದ. ಕಾಲ್ಗುಣ ಸರಿಯಿಲ್ಲ ಅಂತ ತಿಥಿ ಮುಗಿದ ದಿನವೇ ಗಾಡಿ ಹತ್ತಿಸಿ ಕಳಿಸಿದರು. ಇನ್ನೂ ಹದಿನೇಳು ತುಂಬಿರಲಿಲ್ಲ.

"ಆವತ್ತಿಂದ ಯಾರ ಮದುವೇಲೂ ಮುಂದೆ ನಿಂತಿಲ್ಲ ಅವಳು. ನಿನ್ನ ಮದುವೇಲೂ ಅಡುಗೆಮನೇಲೇ ಇದ್ಲಲ್ಲ, ನೋಡಿರ್ಲಿಲ್ವಾ?"

ನೋಡಿದ್ದೆ. ಅವರಿಗೆ ಅಡುಗೆಯಲ್ಲಿ ಆಸಕ್ತಿ ಅಂದುಕೊಂಡಿದ್ದೆ.

"ಮೊನ್ನೆಯಿಂದ ಊಟ ಬಿಟ್ಟಿದ್ದಾಳಂತೆ," ಅಂದಳು ಅಮ್ಮ.

ಏಪ್ರಿಲ್ 3, ಗುರುವಾರ

ಬರೆಯೋಕೆ ಏನೂ ಇಲ್ಲ. ಆಫೀಸಿನಲ್ಲಿ ಒಂದು ಪ್ರಶ್ನೆಯೂ ಆಗಲಿಲ್ಲ.

ಏಪ್ರಿಲ್ 6, ಭಾನುವಾರ, ರಾಮನವಮಿ

ನಾನು, ಶೈಲಾ ನನ್ನ ಸ್ಕೂಟರಿನಲ್ಲಿ ಸಾರಕ್ಕಿಗೆ ಹೋದೆವು. ನಾನೊಬ್ಬಳೇ ಹೋಗ್ತೀನಿ ಅಂದೆ, "ನೀವ ಒಬ್ಬರ ಹೋದ್ರ ಮತ್ತೇನರ ಗೆದ್ದ ಬರತೀರಿ" ಅಂದಳು. ದಾರಿಯುದ್ದಕ್ಕೂ ಪೆಂಡಾಲು ಹಾಕಿ ಪಾನಕ ಹಂಚ್ತಿದ್ದರು. ಜಂಕ್ಷನ್ನಿನಲ್ಲಿ ನಿಂತ ಟ್ರಾಫಿಕ್ಕಿಗೆಲ್ಲ ಮಜ್ಜಿಗೆ. ಭಕ್ತಿಯಿಂದ ಟ್ರಾಫಿಕ್ಕೋ, ಟ್ರಾಫಿಕ್ಕಿನಿಂದ ಭಕ್ತಿಯೋ, ಹೇಳೋದು ಕಷ್ಟ.

ನೀಲತ್ತೆ ಚಾಪೆ ಮೇಲೆ ಮಲಗಿದ್ದರು. ಮನೆಯಲ್ಲಿ ಒಲೆ ಹಚ್ಚಿದ ವಾಸನೆ ಇರಲಿಲ್ಲ. ನಮ್ಮನ್ನ ನೋಡಿ ಎದ್ದು ಕೂತು, ಕೂದಲು ಸರಿಮಾಡಿಕೊಂಡರು.

"ಗಂಡನ್ನ ತಿಂದವಳು ಅಂದ್ರು. ಈಗ ತಮ್ಮನ್ನೂ," ಅಂದರು. ಅಳಲಿಲ್ಲ. ಬೆಲೆ ಹೇಳಿದ ಹಾಗೆ ಹೇಳಿದರು.

ನಾನು ನನ್ನ ಕೆಲಸ ಶುರು ಮಾಡಿದೆ. ನಾನೇ ಕಟ್ಟಿದ ವಾದವನ್ನ ನಾನೇ ಕೆಡವಬೇಕಿತ್ತು. ಕಷಾಯದಿಂದ ಅಲ್ಲ ಅತ್ತೆ, ಮಾತ್ರೆ ಬಿಟ್ಟಿದ್ದು ಅಪ್ಪನ ನಿರ್ಧಾರ, ಡಾಕ್ಟರು ಅದೊಂದೇ ಅಂತ ಹೇಳಲಿಲ್ಲ, ಬೀಡಿ ಇದೆ, ಶುಗರ್ ಇದೆ, ನಾನು ಅವತ್ತು ಅದನ್ನ ಬೇಕಂತಲೇ ಹೇಳಲಿಲ್ಲ. ಎಲ್ಲಾ ಸರಿಯಾದ ವಾದಗಳು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬರ್ತಿತ್ತು. ಅತ್ತೆ ಕೇಳಿಸಿಕೊಂಡು "ನೀನು ಸಮಾಧಾನ ಮಾಡ್ತಿದ್ದೀಯ" ಅಂದರು ಅಷ್ಟೆ.

ಆಮೇಲೆ ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

"ಹಾಗಾದ್ರೆ ನನ್ನಿಂದಲೂ ಆಯ್ತು ಅತ್ತೆ. ಕೆಳಗಿನ ರೂಮಿಗೆ ಬಾ ಅಂದಿದ್ದಕ್ಕೆ ಅಪ್ಪನ ಜೊತೆ ಜಗಳ ಆಡಿದ್ದೆ. ಗಂಡನ ಮನೆ ಬಿಟ್ಟು ಬಂದವಳು ಅಂತ ತಾನೇ ಎಲ್ಲಿ ಬೇಕಾದ್ರೂ ಎತ್ತಿ ಹಾಕ್ತೀಯ, ನಾನೂ ಬಾಡಿಗೆದಾರಳು ಅಂದ್ಕೋ ಅಂದುಬಿಟ್ಟೆ. ಆಮೇಲೆ ಮಾತೇ ಬಿಟ್ಟೆ. ಅವತ್ತು ಬೆಳಗ್ಗೆ ಗೇಟಿನ ಹತ್ರ, ಶೃತೀ, ಒಂದು ನಿಮಿಷ ನಿಂತ್ಕೋ ಅಂದ್ರು. ಹೆಲ್ಮೆಟ್ ಹಾಕ್ಕೊಂಡಿದ್ದೆ. ಕೇಳಿಸದೆ ಇರೋ ಹಾಗೆ ಗಾಡಿ ಹೊರಡಿಸಿದೆ. ಅದಾದ ಮೇಲೇ ಬಿದ್ದಿದ್ದು."

ಶೈಲಾ ನನ್ನನ್ನ ನೋಡಿದಳು. ಟೆರೇಸಿನಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿರಬೇಕು.

ನೀಲತ್ತೆ ನನ್ನನ್ನ ದಿಟ್ಟಿಸಿ ನೋಡಿದರು. ಆಮೇಲೆ, ಎಷ್ಟೋ ದಿನದ ಮೇಲೆ, ಅವರ ಹಳೇ ದನಿ ಬಂತು.

"ಅಯ್ಯೋ ಹುಚ್ಚಿ. ಮಕ್ಕಳು ಮಾತು ಬಿಟ್ಟಿದ್ದಕ್ಕೆ ಲಕ್ವ ಹೊಡೆಯೋ ಹಾಗಿದ್ರೆ, ಈ ಸಾರಕ್ಕೀಲಿ ಒಬ್ಬ ಗಂಡಸಾದ್ರೂ ನೆಟ್ಟಗೆ ನಡೀತಿದ್ನಾ?"

ನನಗೆ ನಗು ಬಂತು, ಅದರ ಜೊತೆಗೇ ಇನ್ನೇನೋ ಬಂತು. ಶೈಲಾ ಕರ್ಚೀಫು ಕೊಟ್ಟಳು. ಮೂಗು ಒರೆಸಿಕೊಂಡು ಕೇಳಿದೆ, "ಹಾಗಾದ್ರೆ ಕಷಾಯ ಕುಡಿದವರಿಗೆಲ್ಲ ಹೊಡೀಬೇಕಿತ್ತಲ್ಲ ಅತ್ತೆ?"

"ಅದು ಬೇರೆ."

"ಅದು ಹೆಂಗ ಬ್ಯಾರೆರಿ ದೊಡ್ಡತ್ತಿ?" ಅಂದಳು ಶೈಲಾ.

ಅತ್ತೆ ಸೀರೆಯ ನೆರಿಗೆ ಸರಿಮಾಡ್ತಾ ಕೂತರು. "ರಾಮಯ್ಯ ನಾನೆಲ್ಲಿ ಅಂತ ಕೇಳ್ತಾನಾ?" ಅಂದರು. ಶೈಲಾ, "ಮಾತು ಬರಂಗಿಲ್ರಿ, ಕೇಳ್ತಾರೋ ಇಲ್ಲೋ ಹೆಂಗ ಹೇಳಲಿ. ನೀವ ಬಂದು ನೋಡ್ರಿ" ಅಂದಳು. ಸುಳ್ಳು ಹೇಳಿದ್ದರೆ ಬರ್ತಿರಲಿಲ್ಲ ಅನ್ಸುತ್ತೆ. ಆಟೋ ಕರೆದೆವು.

ಮನೆ ಬಾಗಿಲಲ್ಲಿ ನೀಲತ್ತೆ ನಿಂತುಬಿಟ್ಟರು. "ನೀನು ಮೊದಲು ಒಳಗೆ ಹೋಗವ್ವ," ಅಂದರು ಶೈಲಾಳಿಗೆ. ಅವಳು ಅತ್ತೆಯ ಮೊಣಕೈ ಹಿಡಿದುಕೊಂಡು "ಬಾಗಲಾ ಅಗಲ ಐತ್ರಿ, ಇಬ್ಬರೂ ಹೋಗೂಣು" ಅಂದಳು. ಹೋದರು. ಅಷ್ಟು ಅಗಲ ಇರಲಿಲ್ಲ, ಸ್ವಲ್ಪ ಒತ್ತಾಡಬೇಕಾಯ್ತು.

ಅಪ್ಪ ಅಕ್ಕನನ್ನ ನೋಡಿ ಬಹಳ ಪ್ರಯತ್ನಪಟ್ಟು "ಎಮ್ಮೆ" ಅಂದರು. ಅಳೋಕೆ ಸಿದ್ಧವಾಗಿ ಬಂದಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. "ಇದನ್ನ ಮಾತ್ರ ಸರಿಯಾಗೇ ಹೇಳ್ತಿದ್ದಾನೆ ಕಣೆ ಸೊಣ್ಣಿ. ಚಿಕ್ಕೋನಿದ್ದಾಗ ನನ್ನನ್ನ ಎಮ್ಮೆ ಅಂತಲೇ ಕರೀತಿದ್ದ."

ಮುದ್ದೆ ತಿಂದು, ಎಲೆಯಡಿಕೆ ಹಾಕ್ಕೊಂಡು ಹೋದರು. ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿ, ಇವತ್ತಿಂದು ನುಂಗಿದ್ದಾನಾ ಅಂತ ವಿಚಾರಣೆ ಬೇರೆ ಮಾಡಿದರು. ಅಡುಗೆಮನೆಯಲ್ಲಿ ಅಮ್ಮನ ಕಿವಿಯಲ್ಲಿ, ಬಾಗಿಲು ದಕ್ಷಿಣಕ್ಕಿರೋದು ಮಾತ್ರ ನಿಜಕ್ಕೂ ಸರಿಯಿಲ್ಲ ಅಂದರಂತೆ.

ಏಪ್ರಿಲ್ 20, ಭಾನುವಾರ

ಎರಡನೇ ಮಹಡಿ ಖಾಲಿ ಮಾಡಿ ಕೆಳಗಿನ ರೂಮಿಗೆ ಬಂದೆ. ತ್ಯಾಗ ಗೀಗ ಏನಿಲ್ಲ, ದಿನಕ್ಕೆ ಅಷ್ಟು ಸಲ ಹತ್ತಿ ಇಳಿಯೋದು ಮಂಡಿಗೆ ಕಷ್ಟ. ರೇವಂತ್ ಬಿಟಿಎಂ ಮನೆಯ ಮಾತು ಎತ್ತಿದ್ದಕ್ಕೆ ಶೈಲಾ ಏನಂದಳೋ, ಈಗ ಅವನೇ ಅಪ್ಪನಿಗೆ ಸ್ನಾನ ಮಾಡಿಸ್ತಾನೆ, ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಇಲ್ಲಿ ರೊಟ್ಟಿಯ ಸದ್ದು ಕೇಳಲ್ಲ. ಅಲಾರಂ ಇಟ್ಟುಕೊಂಡು ಏಳಬೇಕಾಗಿದೆ.

ಅಪ್ಪ ಕೋಲು ಹಿಡಿದು ಗೇಟಿನವರೆಗೂ ಹೋಗಿ ಬರ್ತಾರೆ. ಸಣ್ಣ ಸಣ್ಣ ವಾಕ್ಯ ಬರ್ತಿದೆ. ಅರ್ಪಿತ ಮನೆಪಾಠ ಕೊಟ್ಟು ಹೋಗಿದ್ದಾಳೆ. ನಾವು ಅರ್ಧ ವಾಕ್ಯ ಹೇಳಬೇಕು, ಅವರು ಪೂರ್ತಿ ಮಾಡಬೇಕು. ಎಲ್ಲಾ 'ಯಾಕಂದ್ರೆ' ವಾಕ್ಯಗಳು. ಭಾನುವಾರ ಕೂಡ ಆಫೀಸಿನ ಕೆಲಸ ಬೆನ್ನು ಬಿಡಲಿಲ್ಲ.

"ರಾಜು ಕೊಡೆ ತಗೊಂಡ, ಯಾಕಂದ್ರೆ..." ಅಂದೆ.

"ಮಳೆ," ಅಂದರು.

"ಮಗು ಅಳ್ತಿದೆ, ಯಾಕಂದ್ರೆ..."

"ಹಸಿವು."

"ನೆಲ ಒದ್ದೆಯಾಗಿದೆ, ಯಾಕಂದ್ರೆ..."

ಬಹಳ ಯೋಚನೆ ಮಾಡಿ "ಸೊಣ್ಣಿ" ಅಂದರು. ಅಮ್ಮ ಆಗ ತಾನೇ ನೆಲ ಒರೆಸಿ ಹೋಗಿದ್ದಳು. ಪೂರ್ತಿ ಅಂಕ.

ಮನೆಪಾಠ ಮುಗೀತು. ಅಡುಗೆಮನೆಯಲ್ಲಿ ಅಮ್ಮ, ಶೈಲಾ ಮಾತಾಡೋದು ಕೇಳಿಸ್ತಿತ್ತು, ಹತ್ತಿರ ಯಾರೂ ಇರಲಿಲ್ಲ. ಕಾಗದದಲ್ಲಿ ಇಲ್ಲದ ಒಂದನ್ನ ಕೇಳಿದೆ.

"ಅಪ್ಪ ಹುಷಾರು ತಪ್ಪಿದ್ರು, ಯಾಕಂದ್ರೆ..."

ಅಪ್ಪ ನನ್ನ ಮುಖ ನೋಡಿದರು. ಬಲಗಡೆ ತುಟಿ ಇನ್ನೂ ಸ್ವಲ್ಪ ಇಳಿದೇ ಇದೆ. ಅದನ್ನ ಸರಿಮಾಡಿಕೊಳ್ಳೋಕೆ ಹೊತ್ತು ಬೇಕಾಯ್ತು. ನನಗೆ ಕೇಳಬಾರದಿತ್ತು ಅನ್ನಿಸೋಕೆ ಅಷ್ಟು ಹೊತ್ತು ಸಾಕಾಯ್ತು.

"ಆಯ್ತು," ಅಂದರು.

"ಯಾಕಂದ್ರೆ ಅಪ್ಪ?"

"ಆಯ್ತು ಕಣವ್ವ. ಆಯ್ತು." ಎಡಗೈಯನ್ನ ನನ್ನ ತಲೆ ಮೇಲಿಟ್ಟರು, ಅದು ಜಾರಿ ಹೆಗಲಿಗೆ ಬಂತು, ಅಲ್ಲೇ ಬಿಟ್ಟರು. "ಮುಂದಿಂದು ಕೇಳು."

ಮುಂದಿಂದು ನನ್ನ ಹತ್ತಿರ ಏನೂ ಇರಲಿಲ್ಲ. ಕಾಗದ ಮಡಚಿಟ್ಟೆ. ಆಮೇಲೆ, "ತಿಂಡಿಗೆ ಏನು ಮಾಡ್ಲಿ ಅಪ್ಪ?" ಅಂದೆ.

"ಉಪ್ಪಿಟ್ಟು ಬೇಡ," ಅಂದರು. ಒಂದಕ್ಷರವೂ ತಪ್ಪಲಿಲ್ಲ.